ಪರದೆ ಎಳೆಯುವ ಹೊತ್ತು

ಒಂಬತ್ತು, ಹತ್ತು — ಮತ್ತೆ ಮುಚ್ಚಿಹೋಯಿತು ಕಣ್ಣು, ತಾನಾಗಿಯೇ, ಯಾರೋ ಬೆರಳಿಟ್ಟು ರೆಪ್ಪೆ ಎಳೆದ ಹಾಗೆ, ತೆರೆಯುವಷ್ಟರಲ್ಲಿ ಬೆಳಕು ಅವಳನ್ನು ದಾಟಿ ನೀರಿನ ಮೇಲೆ ಹೊರಟುಹೋಗಿತ್ತು, ದೀಪಸ್ತಂಭ ಮತ್ತೆ ಬರಿಯ ಒಂದು ಕಪ್ಪು ಕಂಬ, ಅದರ ಹಿಂದೆ ಆಕಾಶ ತೊಳೆದು ಬೋರಲು ಹಾಕಿದ ಪಾತ್ರೆಯ ಬಣ್ಣ, ಮತ್ತೆ ಒಂದು, ಎರಡು, ಅವಳೇನೂ ಎಣಿಸಬೇಕೆಂದು ಎಣಿಸುತ್ತಿಲ್ಲ, ಎಣಿಕೆ ಒಳಗೇ ನಡೆದಿದೆ, ಉಸಿರಿನ ಹಾಗೆ, ಈ ದೀಪದ ಬುಡದಲ್ಲಿ ಬೆಳೆದವಳಿಗೆ ಹತ್ತರ ಮುಂದೆ ಸಂಖ್ಯೆಯೇ ಇಲ್ಲ, ಹತ್ತಾದರೆ ಬೆಳಕು, ಬೆಳಕು ಬಂದರೆ ಕಣ್ಣು ಮುಚ್ಚು, ದೀಪ ನೋಡಬೇಡ ಮಗಳೇ ಕಣ್ಣು ಹೋಗುತ್ತೆ — ಅಪ್ಪ ಮೇಲೆ ದೀಪದ ಕೋಣೆಯಲ್ಲಿ ಗಾಜು ಒರೆಸುತ್ತ ಹೇಳಿದ್ದು, ಆಗ ಅವಳಿಗೆ ಐದೋ ಆರೋ, ಊಟದ ಡಬ್ಬಿ ಹಿಡಿದು ನೂರ ನಲವತ್ತೆರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತವಳು, ಮುಚ್ಚಿದಳು, ಮುಚ್ಚಿ ಮುಚ್ಚಿ ಕಾಪಾಡಿಕೊಂಡ ಕಣ್ಣು ಅವಳಿಗೆ ಉಳಿಯಿತು, ಹೇಳಿಕೊಟ್ಟವನಿಗೇ ಉಳಿಯಲಿಲ್ಲ. ಕ್ಯಾಮೆರಾ ಸ್ಟ್ಯಾಂಡಿನ ಮೂರನೆಯ ಕಾಲು ಮತ್ತೆ ಮರಳಲ್ಲಿ ಇಳಿಯುತ್ತಿದೆ, ಎತ್ತಿ ಚಪ್ಪಟೆ ಕಲ್ಲೊಂದರ ಮೇಲೆ ಇಟ್ಟಳು, ಇನ್ನು ಅಲ್ಲಾಡಬೇಡ ಮಹರಾಯ, ಸ್ಟುಡಿಯೋದಲ್ಲಿ ಸಿಮೆಂಟ್ ನೆಲದ ಮೇಲೆ ಹತ್ತು ವರ್ಷ ಮಿಸುಕದೆ ನಿಂತಿದ್ದವನಿಗೆ ಇಲ್ಲಿ ಬಂದು ಏನು ರೋಗ, ಕ್ಯಾಮೆರಾ ಹಿಂಬದಿಯ ಸಣ್ಣ ಕಿಟಕಿಯಲ್ಲಿ ಮೂವತ್ತೊಂದು ಅಂತ ಅಂಕಿ ನಿಂತಿದೆ, ಮೂವತ್ತಾರರ ರೋಲು, ಉಳಿದದ್ದು ಐದು, ನಿನ್ನೆ ಶಾಲೆಯಲ್ಲಿ ಗುರುತಿನ ಚೀಟಿಗೆ ಮೂವತ್ತೊಂದು ಮಕ್ಕಳು, ಗಲ್ಲ ಕೆಳಗೆ, ಕಿವಿ ಕಾಣಲಿ, ನಗಬೇಡ, ನಗಬೇಡ ಅಂದರೆ ನಗುವುದೇ ಮಕ್ಕಳ ಕೆಲಸ, ಹೊಸ ರೋಲನ್ನು ಮರೆಯಬಾರದು ಅಂತ ತಿಂಡಿಡಬ್ಬಿಯ ಮೇಲೆ ಇಟ್ಟಿದ್ದಳು, ಈಗ ಡಬ್ಬಿಯೂ ಅಡುಗೆಮನೆಯ ಕಟ್ಟೆಯ ಮೇಲೆ, ರೋಲೂ ಅಲ್ಲೇ, ಒಂದಕ್ಕೊಂದು ಜೊತೆ, ಜಾಣತನ ಮಾಡಿದರೆ ಹೀಗೆ.

ಐದು ಸಾಕು, ಸಾಕು ಮಾಡಿಕೊಳ್ಳಬೇಕು, ಬೇರೆ ದಿನ ಇಲ್ಲ. ನಾಳೆ ಕ್ರೇನಿನವರು ಬರುತ್ತಾರೆ, ದೀಪದ ದೊಡ್ಡ ಗಾಜನ್ನು ಕಳಚಿ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಇಳಿಸುತ್ತಾರೆ, ಅದರ ಜಾಗಕ್ಕೆ ಬಕೆಟ್ಟಿನಷ್ಟು ದೊಡ್ಡ ದೀಪ, ತಾನೇ ಹತ್ತಿ ತಾನೇ ಆರುವಂಥದ್ದು, ಮೆಟ್ಟಿಲು ಹತ್ತುವವರು ಬೇಡ, ಒರೆಸುವವರು ಬೇಡ, ಅಪ್ಪನಿಗೆ ಸುದ್ದಿ ಹೇಳಿದವನು ಉದ್ದನೆ ಮಾಮ, ಅಪ್ಪನ ಕೈಕೆಳಗೆ ಸಹಾಯಕನಾಗಿ ಸೇರಿ ಈಗ ಅವನ ಜಾಗದಲ್ಲಿ ಕಾವಲುಗಾರನಾಗಿರುವವನು, ಪ್ರತಿ ಬಾಗಿಲಿಗೂ ತಲೆ ತಗ್ಗಿಸಿ ತಗ್ಗಿಸಿ ಬೆನ್ನೇ ಬಾಗಿಹೋದವನು, ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು ಹೇಳಿದ, ಅಣ್ಣಾ, ಭಾನುವಾರ ಬೆಳಿಗ್ಗೆ ಕೊನೆ, ಆಮೇಲೆ ಇಲ್ಲ. ಅಪ್ಪ ಪಂಚೆಯ ಅಂಚಿನಿಂದ ಕನ್ನಡಕ ಒರೆಸಿದ, ಕನ್ನಡಕದಿಂದ ಈಗ ಏನೂ ಉಪಯೋಗವಿಲ್ಲ ಆದರೂ ಒರೆಸುವುದು ಬಿಟ್ಟಿಲ್ಲ, ಗಾಜು ಕಂಡರೆ ಒರೆಸುವ ಕೈ ಅದು, ಅವಳ ಮಗಳ ಗೋಲಿಯನ್ನೂ ಒರೆಸಿಯೇ ಕೊಡುತ್ತಾನೆ. ಕಣ್ಣಿನ ಡಾಕ್ಟರು ಒಂದು ಕಾಗದವನ್ನು ಸುರುಳಿ ಸುತ್ತಿ ಅವಳ ಕಣ್ಣಿಗೆ ಹಿಡಿದು ತೋರಿಸಿದ್ದರು, ನೋಡಿಯಮ್ಮ, ನಿಮ್ಮ ತಂದೆಗೆ ಇಷ್ಟೇ ಕಾಣೋದು, ಕೊಳವೆಯೊಳಗಿಂದ ನೋಡಿದ ಹಾಗೆ, ನಡುವೆ ಒಂದು ತೂತು, ಸುತ್ತ ಕತ್ತಲೆ, ಆ ತೂತೂ ಚಿಕ್ಕದಾಗ್ತಾ ಬರುತ್ತೆ, ಎಷ್ಟು ದಿನ ಡಾಕ್ಟ್ರೇ, ಹೇಳಕ್ಕಾಗಲ್ಲ, ಮುಂದಿನ ವರ್ಷ ಇಷ್ಟೊತ್ತಿಗೆ — ಅಂತ ಹೇಳಿ ಸುರುಳಿಯನ್ನು ಬಿಡಿಸಿ ಮೇಜಿನ ಮೇಲೆ ಅಂಗೈಯಿಂದ ತೀಡಿ ತೀಡಿ ಚಪ್ಪಟೆ ಮಾಡಿದರು, ವಾಕ್ಯ ಅಲ್ಲೇ ಉಳಿಯಿತು. ಏಳು, ಎಂಟು, ಅವಳು ಬೆರಳನ್ನು ಗುಂಡಿಯ ಮೇಲೆ ಇಟ್ಟಳು, ಒಂದು ತೆಗೆದು ನೋಡೋಣ, ಸೂರ್ಯ ಬರುವ ಮೊದಲು ಅಂದಾಜಿಗೆ, ಒಂಬತ್ತು, ಹತ್ತು — ಮುಚ್ಚಿತು, ಬೆರಳೂ ಹೆದರಿ ನಿಂತಿತು, ಕ್ಲಿಕ್ ಅಂದದ್ದು ಆಮೇಲೆ, ಬೆಳಕು ಹೋದ ಮೇಲೆ, ಹೋಯಿತು, ಒಂದು ಹೋಯಿತು, ಕಪ್ಪು ಕಂಬದ ಫೋಟೋ, ಇನ್ನು ನಾಲ್ಕು. ಊರಿನವರ ಕಣ್ಣು ಮುಚ್ಚಿದರೆ ಹಿಡಿಯುವವಳು, ಅಜ್ಜೀ ಕಣ್ಣು ಬಿಡಿ, ಸಾರ್ ರೆಪ್ಪೆ ಬಡೀಬೇಡಿ, ದಿನಕ್ಕೆ ನಲವತ್ತು ಸಲ ಹೇಳುವವಳು, ಅವಳದೇ ಮದುವೆಯ ಆಲ್ಬಮ್ಮಿನಲ್ಲಿ ಒಂದೇ ಒಂದು ಫೋಟೋದಲ್ಲೂ ಅವಳ ಕಣ್ಣು ತೆರೆದಿಲ್ಲ, ಅಪ್ಪನದಿಲ್ಲ, ಅಮ್ಮನದೂ ಇಲ್ಲ, ಫ್ಲ್ಯಾಶು ಹೊಡೆದಾಗಲೆಲ್ಲ ಮೂವರೂ ಒಟ್ಟಿಗೆ, ಕವಾಯತು ಮಾಡಿದ ಹಾಗೆ, ಅತ್ತೆ ಮನೆಯವರು ಇವತ್ತಿಗೂ ನಗುತ್ತಾರೆ, ನಿಮ್ಮ ಮನೆಯವರು ಮದುವೆಗೆ ಬಂದಿದ್ರೋ ನಿದ್ದೆಗೆ ಬಂದಿದ್ರೋ.

ಗಾಳಿ ಸ್ವಲ್ಪ ಬೀಸಿತು, ಉಪ್ಪಿನ ವಾಸನೆ, ಕೊಳೆತ ಹಗ್ಗದ ವಾಸನೆ, ಅವಳ ಸ್ವೆಟರಿನಲ್ಲಿ ಮಗಳ ತಲೆಯೆಣ್ಣೆಯ ವಾಸನೆ, ನಾಲ್ಕಕ್ಕೆ ಏಳುವಾಗ ಮಗಳ ಕೈಯನ್ನು ಕುತ್ತಿಗೆಯಿಂದ ಬಿಡಿಸಿ ದಿಂಬಿನ ಮೇಲೆ ಇಟ್ಟು ಬಂದಿದ್ದಾಳೆ, ಗಂಡನಿಗೆ ಹೇಳಿದ್ದಾಳೆ, ಏಳಕ್ಕೆ ಎಬ್ಬಿಸು, ಹಲ್ಲುಜ್ಜುವಾಗ ಎದುರಿಗೇ ನಿಂತುಕೋ ಇಲ್ಲದಿದ್ದರೆ ಬ್ರಷ್ಷು ಒದ್ದೆ ಮಾಡಿ ಇಟ್ಟುಬಿಡುತ್ತಾಳೆ, ಹೂಂ ಅಂದ, ನಿದ್ದೆಯಲ್ಲಿ ಅಂದ ಹೂಂ, ಅದನ್ನು ನಂಬುವ ಹಾಗಿಲ್ಲ. ಎಲ್ಲ ಆ ಮಗಳಿಂದಲೇ ಶುರುವಾದದ್ದು, ಆ ಗುಬ್ಬಿಯಿಂದ, ಎಂಟು ವರ್ಷದ ಬಾಯಿಬಡಕಿಯಿಂದ. ಅಪ್ಪನ ನೋಟ ಕಿರಿದಾಗುತ್ತ ಬಂದಾಗ ಇವಳಿಗೆ ಹೊಳೆದದ್ದು ಒಂದೇ, ದೊಡ್ಡದು ಮಾಡು, ಗಡಿಯಾರ ದೊಡ್ಡದು, ಕ್ಯಾಲೆಂಡರ್ ದೊಡ್ಡದು, ಗುಬ್ಬಿಯ ಫೋಟೋವನ್ನು ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ನಾಲ್ಕು ರಾತ್ರಿ ಕೂತು ಕದದಷ್ಟು ದೊಡ್ಡದು ಮಾಡಿ ತಂದು ಗೋಡೆಗೆ ಒರಗಿಸಿದಳು, ಅಪ್ಪಾ ನೋಡು, ಅಪ್ಪ ಎದುರು ಕೂತು ಕತ್ತನ್ನು ಮೇಲೆ ಕೆಳಗೆ ಆಡಿಸಿದ, ಗೋಡೆಗೆ ಸುಣ್ಣ ಬಳಿಯುವವನ ಹಾಗೆ, ಇದೇನಿದು, ಗುಂಡಿ, ಇದು ಕಿವಿ ಇರಬೇಕು, ಇದು ಮತ್ತೆ ಗುಂಡಿ, ಮಗು ಎಲ್ಲಮ್ಮ, ಆಗ ಗುಬ್ಬಿ ಕೊರಳಿಂದ ಶಾಲೆಯ ಗುರುತಿನ ಚೀಟಿ ತೆಗೆದು ಅಜ್ಜನ ಕೈಗೆ ತುರುಕಿ, ಅಜ್ಜಾ ಅದು ಬಿಡು ಅದರಲ್ಲಿ ನಂಗೇ ನಾನು ಕಾಣಲ್ಲ, ಇದು ನೋಡು ಅಂದಳು. ಅಪ್ಪ ಚೀಟಿಯನ್ನು ಕೈ ಚಾಚಿ ದೂರ ಹಿಡಿದ, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ಒಂದು ಜಾಗದಲ್ಲಿ ನಿಲ್ಲಿಸಿದ, ಮುಖ ಪೂರ್ತಿ ಅರಳಿತು, ಓಹೋ, ಇಲ್ಲಿ ಅಡಗಿದ್ದೀಯೇನೇ ಕಳ್ಳಿ, ಮುಂದಿನ ಹಲ್ಲು ಯಾವಾಗ ಬಿತ್ತು, ನಂಗೆ ಹೇಳಲೇ ಇಲ್ಲ. ಮೂವತ್ತೈದಕ್ಕೆ ನಲವತ್ತೈದು ಮಿಲಿಮೀಟರಿನ ಪಾಸ್‌ಪೋರ್ಟ್ ಅಳತೆ, ಇವಳ ಅನ್ನ ಅದು, ಹದಿನೈದು ವರ್ಷದಿಂದ ಊರಿನವರ ಮುಖಗಳನ್ನೆಲ್ಲ ಕತ್ತರಿಸಿ ಕತ್ತರಿಸಿ ಅದೇ ಚೌಕಟ್ಟಿಗೆ ಕೂರಿಸಿದವಳು, ತೂತು ಚಿಕ್ಕದಾದರೆ ಚಿತ್ರವೂ ಚಿಕ್ಕದಾಗಬೇಕು ಅಂತ ಅವಳಿಗೆ ಯಾಕೆ ಹೊಳೆಯಲಿಲ್ಲ, ಮಗಳಿಗೆ ಹೊಳೆಯಿತು, ಆಮೇಲೆ ಅಪ್ಪನ ಜೇಬಿನಲ್ಲಿ ಒಂದೊಂದಾಗಿ ಸೇರಿದವು, ಗುಬ್ಬಿ, ಅಳಿಯ, ಅಮ್ಮನ ಹಳೆಯ ಫೋಟೋ ಚಿಕ್ಕದು ಮಾಡಿದ್ದು — ಅದರಲ್ಲೂ ಅಮ್ಮನ ಕಣ್ಣು ಮುಚ್ಚಿದೆ, ಪರವಾಗಿಲ್ಲ ಬಿಡು ಅಂದ ಅಪ್ಪ, ಅವಳು ಹಾಗೇ ಇದ್ದದ್ದು — ರಾತ್ರಿ ಊಟವಾದ ಮೇಲೆ ಇಸ್ಪೀಟೆಲೆ ಆಡುವವನ ಹಾಗೆ ಒಂದೊಂದೇ ತೆಗೆದು ದೂರ ಹಿಡಿದು ನೋಡುತ್ತಾನೆ, ಮನೆ ಪೂರ್ತಿ ಅವನ ಜೇಬಿನಲ್ಲಿದೆ, ದೀಪವೊಂದು ಬಿಟ್ಟು. ಅಜ್ಜಾ ನಿಂಗೆ ಇನ್ನೇನು ಬೇಕು ಅಮ್ಮನ ಹತ್ರ ಮಾಡಿಸ್ತೀನಿ ಅಂತ ಗುಬ್ಬಿ ದೊಡ್ಡ ಗುತ್ತಿಗೆದಾರಳ ಹಾಗೆ ಕೇಳಿದ್ದಕ್ಕೆ ಅಪ್ಪ ನಕ್ಕು ಹೇಳಿದ್ದನಂತೆ, ದೀಪಾನೂ ಸೂರ್ಯಾನೂ ಒಟ್ಟಿಗೆ ಇರೋದನ್ನ ನಾನು ನೋಡೇ ಇಲ್ಲ ಕಣೇ, ಅವರಿಬ್ಬರೂ ಒಂದೇ ಅಡುಗೆಮನೆ ಅತ್ತೆ ಸೊಸೆ, ಒಬ್ಬರು ಒಳಗೆ ಬಂದ್ರೆ ಇನ್ನೊಬ್ಬರು ಹೊರಗೆ, ಮೂವತ್ತೊಂದು ವರ್ಷ ನಾನೇ ಬಾಗಿಲಲ್ಲಿ ನಿಂತು ತಪ್ಪಿಸಿದ್ದೀನಿ, ಒಂದು ಸಲ ಮುಖಾಮುಖಿ ಆದ್ರೆ ಹೇಗಿರುತ್ತೋ ಏನೋ. ಗುಬ್ಬಿ ಓಡಿಬಂದು ವರದಿ ಒಪ್ಪಿಸಿದಳು, ಅಮ್ಮಾ, ಅಜ್ಜಂಗೆ ಜಗಳ ನೋಡ್ಬೇಕಂತೆ.

ಮೂಡಣ ಕಡಲಿನ ಅಂಚು ಕೆಂಪಾಗುತ್ತಿದೆ, ನೀರು ಮತ್ತು ಆಕಾಶ ಹೊಲಿಗೆ ಬಿಚ್ಚಿದ ಹಾಗೆ ಬೇರೆಯಾಗುತ್ತಿವೆ, ಕೈಗಡಿಯಾರದಲ್ಲಿ ಆರು ಗಂಟೆ ಏಳು ನಿಮಿಷ, ಸೂರ್ಯ ಆರು ಹನ್ನೆರಡಕ್ಕೆ, ಮಾಮನ ಪುಸ್ತಕದಲ್ಲಿ ಬರೆದಿದೆ, ಆರು ಹನ್ನೆರಡಕ್ಕೆ ದೀಪ ಆರಬೇಕು, ಅದು ನಿಯಮ, ಆರಿಸಿದ ಕೂಡಲೇ ಸುತ್ತ ಪರದೆ ಎಳೆಯಬೇಕು, ಅದು ಇನ್ನೂ ದೊಡ್ಡ ನಿಯಮ, ಆ ದೊಡ್ಡ ಗಾಜಿಗೆ ಒಳಗಿನ ಬೆಳಕನ್ನು ಹೊರಗೆ ಕಳಿಸುವುದೂ ಗೊತ್ತು, ಹೊರಗಿನ ಬಿಸಿಲನ್ನು ಒಳಗೆ ಎಳೆದು ಸುಡುವುದೂ ಗೊತ್ತು, ಒಮ್ಮೆ ಪರದೆಯ ಒಂದು ಕೊಂಡಿ ಕಳಚಿ ಅಪ್ಪ ಮೊಳೆಗೆ ತೂಗುಹಾಕಿದ್ದ ಅಂಗಿಯ ಬೆನ್ನಿನಲ್ಲಿ ದುಂಡನೆ ತೂತು ಬಿದ್ದಿತ್ತು, ಅಮ್ಮ ಅದಕ್ಕೆ ತೇಪೆ ಹಾಕುತ್ತ, ನಿಮ್ಮ ಹಿರೇ ಮಗಳು ಮುತ್ತು ಕೊಟ್ಟಿದ್ದಾಳೆ ನೋಡಿ ಅಂದಿದ್ದಳು, ಅಮ್ಮನ ಲೆಕ್ಕದಲ್ಲಿ ಅಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು, ಹಿರಿಯಳು ಮೇಲೆ ಗಾಜಿನ ಮನೆಯಲ್ಲಿ, ಕಿರಿಯಳು ಕೆಳಗೆ, ಕಿರಿಯಳು ಹುಟ್ಟಿದ ಬೆಳಿಗ್ಗೆಯೂ ಸೂಲಗಿತ್ತಿ ಅಂಗಳದಲ್ಲಿ ನಿಂತು ಹೆಣ್ಣು ಹೆಣ್ಣು ಅಂತ ಕೂಗುತ್ತಿದ್ದರೆ ಅಪ್ಪ ಮೊದಲು ದೀಪ ಆರಿಸಿ, ಪರದೆ ಎಳೆದು, ಕೊಂಡಿಗಳನ್ನು ಎಣಿಸಿ, ಆಮೇಲೆ ಇಳಿದುಬಂದ, ಅಮ್ಮ ಸಾಯುವವರೆಗೂ ಬಿಡಲಿಲ್ಲ ಆ ಮಾತನ್ನು. ಮಾಮ ಮೊದಲು ಒಪ್ಪಿದ್ದ, ಮೂರು ನಿಮಿಷ ಹೆಚ್ಚು ಉರಿಸ್ತೀನಮ್ಮ, ಮೂರೇ, ಎಳೇ ಬಿಸಿಲಿಗೆ ಅಷ್ಟು ಹೊತ್ತಲ್ಲಿ ಏನೂ ಆಗಲ್ಲ, ಆದ್ರೆ ನಿಮ್ಮಪ್ಪಂಗೆ ಹೇಳಬೇಡ, ಬೈತಾರೆ, ನಂಗೆ ಐವತ್ತೆರಡಾಯ್ತು ಇನ್ನೂ ಬೈಸಿಕೊಳ್ಳಕ್ಕಾಗಲ್ಲ, ಅವಳು ಹೇಳಲಿಲ್ಲ, ಆದರೆ ನಿನ್ನೆ ಸಂಜೆ ಅಪ್ಪ ಕೋಲು ಹುಡುಕುತ್ತ ತಾನೇ ಹೇಳಿದ, ನಾನೂ ಬರ್ತೀನಿ, ಕೊನೇ ಸಲ ನಾನೇ ಆರಿಸ್ತೀನಿ. ಆಯಿತಲ್ಲ, ಎಲ್ಲ ಹಾಳಾಯಿತಲ್ಲ. ಈಗ ಒಂದು ಗಂಟೆ ಹಿಂದೆ ಮೆಟ್ಟಿಲ ಬುಡದಲ್ಲಿ ಅವಳು ಅಪ್ಪನ ಶಾಲನ್ನು ಸರಿ ಮಾಡುತ್ತ ಮೆಲ್ಲಗೆ ಕೇಳಿದಳು, ಅಪ್ಪಾ, ಸೂರ್ಯ ಬಂದ ಮೇಲೆ ಒಂದು ಮೂರು ನಿಮಿಷ ಬಿಡಪ್ಪ, ಫೋಟೋಕ್ಕೆ. ಯಾತಕ್ಕೆ ಫೋಟೋ. ನಿಂಗೆ ತೋರಿಸಕ್ಕೆ. ನಾನು ಒಳಗಿಂದ ನೋಡಿದ್ದೀನಲ್ಲಮ್ಮ. ಹೊರಗಿಂದ ನೋಡಿಲ್ವಲ್ಲಪ್ಪ, ನೀನೇ ಗುಬ್ಬಿಗೆ ಹೇಳಿದ್ಯಂತೆ. ಅಪ್ಪ ಕೈಚಾಚಿ ಗೋಡೆಯನ್ನು ಮುಟ್ಟಿಕೊಂಡ, ಮಗುಗೆ ಏನೋ ಹೇಳ್ತಾರೆ, ಅದೆಲ್ಲ ಹಿಡ್ಕೊಂಡು ಬರ್ತಾರಾ, ಫೋಟೋ ನಿನ್ನ ಕೆಲಸ, ದೀಪ ನನ್ನ ಕೆಲಸ, ನೀ ಹುಟ್ಟಿದ ದಿನಾನೇ ಒಂದು ಸುತ್ತು ಹೆಚ್ಚು ಬಿಟ್ಟಿಲ್ಲ, ಹೋಗು, ಕಾಲು ಒದ್ದೆ ಮಾಡ್ಕೋಬೇಡ. ಹಿಂದೆ ಮಾಮ ಟಾರ್ಚ್ ಹಿಡಿದು, ಅಣ್ಣಾ ನಿಧಾನ, ಕೈ ಕೊಡಿ ಅಂದರೆ, ನಿಂಗೆ ಬೇಕಿದ್ರೆ ನೀನೇ ಹಿಡ್ಕೋ, ಈ ಮೆಟ್ಟಿಲಿಗೆ ಕಣ್ಣು ಯಾಕಯ್ಯಾ, ಹದಿನೇಳನೇದು ಸವೆದಿದೆ ಅದೊಂದು ನೋಡ್ಕೊಂಡು ಬಾ ಅಂತ ಹತ್ತಿಯೇ ಹತ್ತಿದ, ಒಂದು, ಎರಡು, ಅಂತ ಎಣಿಕೆ ಮೇಲಕ್ಕೆ ಹೋಗುತ್ತಿದ್ದದ್ದು ಕೇಳಿಸಿತು, ಹದಿನೇಳಕ್ಕೆ ಮಾಮ ಎಡವಿದ.

ಬಂತು. ಬಂದೇಬಿಟ್ಟಿತು, ಒಂದು ಉಗುರಿನಷ್ಟು, ದೀಪಸ್ತಂಭದ ಬಲಕ್ಕೆ, ಅವಳು ನಿನ್ನೆ ಅಂದಾಜು ಹಾಕಿದ ಜಾಗಕ್ಕೆ ಸರಿಯಾಗಿ, ಎಂಥ ಒಳ್ಳೆಯ ಗಿರಾಕಿ, ಹೇಳಿದಲ್ಲಿ ಬಂದು ಕೂತ, ಎಂಟು, ಒಂಬತ್ತು, ಕಣ್ಣೇ ಮುಚ್ಚಬೇಡ, ಮುಚ್ಚಬೇಡ, ಹತ್ತು — ಮುಚ್ಚಿತು, ಬೆರಳು ತಡವಾಯಿತು, ಕ್ಲಿಕ್, ಸೂರ್ಯ ಇದ್ದಾನೆ ದೀಪ ಇಲ್ಲ, ಎರಡು ಹೋಯಿತು, ಅಯ್ಯೋ ದೇವರೇ, ಇನ್ನು ಮೂರು, ಇನ್ನು ಮೂರಲ್ಲ, ಇನ್ನು ಇಲ್ಲವೇ ಇಲ್ಲ, ಆರು ಹನ್ನೆರಡು, ಈಗ ಆರಿಸುತ್ತಾನೆ ಅಪ್ಪ, ಮಾಮ ಹೇಳಿರುತ್ತಾನೆ ಅಣ್ಣಾ ಅಂಚು ಕಾಣ್ತು ಅಂತ, ಅವನಿಗೂ ಸುಳ್ಳು ಹೇಳಲು ಬರುವುದಿಲ್ಲ, ಅಪ್ಪನ ಕೈ ದೀಪ ಆರಿಸುವ ಹಿಡಿಕೆಯ ಮೇಲಿರುತ್ತದೆ, ಮೂವತ್ತೊಂದು ವರ್ಷ ಹಿಡಿದು ಹಿಡಿದು ಹಿತ್ತಾಳೆ ತೆಳ್ಳಗಾದ ಹಿಡಿಕೆ, ಅವಳು ಕ್ಯಾಮೆರಾ ಬಿಟ್ಟು ತಲೆ ಎತ್ತಿ ನೋಡುತ್ತಾಳೆ, ಆರು, ಏಳು, ಆರಲಿ ಬಿಡು, ಅವನ ದೀಪ ಅವನ ನಿಯಮ, ಕೊನೆಯ ದಿನ ಅವನಿಗೆ ಬೇಕಾದ ಹಾಗೆ ಆಗಲಿ, ಫೋಟೋ ಇಲ್ಲದೆ ಯಾರೂ ಸಾಯುವುದಿಲ್ಲ, ಒಂಬತ್ತು, ಹತ್ತು — ಮುಚ್ಚಿದ ರೆಪ್ಪೆಯೊಳಗೆ ಚುಕ್ಕಿ ಮಿಂಚಿತು. ಇದೆ. ಇನ್ನೂ ಇದೆ. ಮಾಮನ ಗಡಿಯಾರ ಹಿಂದಿರಬಹುದು, ಒಂದು, ಎರಡು, ಸೂರ್ಯ ಈಗ ಅರ್ಧ ನಾಣ್ಯ, ನೀರಿನ ಮೇಲೆ ಅವನ ದಾರಿ ಅವಳ ಕಾಲಿನವರೆಗೆ ಬಂತು, ಹತ್ತು — ಮತ್ತೆ ಮಿಂಚಿತು, ಒಂದು ಸುತ್ತು ಹೆಚ್ಚು ಬಿಡದವನು ಎರಡು ಬಿಟ್ಟ, ಮೂರು ಬಿಟ್ಟ, ಅಪ್ಪಾ ಏನಾಯ್ತಪ್ಪ ನಿಂಗೆ, ಮಾಮ ಮೈಮೇಲೆ ಬಂದವನ ಹಾಗೆ ಕೂಗುತ್ತಿರಬೇಕು ಅಣ್ಣಾ ಹೊತ್ತಾಯ್ತು ಅಣ್ಣಾ, ಅಪ್ಪ ಅಂದಿರುತ್ತಾನೆ ಸುಮ್ನಿರಯ್ಯಾ, ಕೆಳಗೆ ಮಗು ನಿಂತಿದೆ — ಹಾಗೆ ಅಂದನೋ ಇಲ್ಲವೋ, ಅವಳಿಗೆ ಕೇಳಿಸಿಲ್ಲ, ಇಷ್ಟು ದೂರಕ್ಕೆ ಏನು ಕೇಳಿಸುತ್ತದೆ, ಆದರೆ ಕೇಳಿಸಿತು, ತೆಗಿ, ಬೇಗ ತೆಗಿ, ದಡ್ಡೀ, ಅವನು ಬಿಟ್ಟಿರುವುದು ನಿನಗೆ, ಮತ್ತೆ ಕಣ್ಣು ಮುಚ್ಚಿ ಹಾಳು ಮಾಡಬೇಡ, ಆದರೆ ಮುಚ್ಚುತ್ತದಲ್ಲ, ಮುಚ್ಚಿಯೇ ಮುಚ್ಚುತ್ತದಲ್ಲ, ಹಾಗಾದರೆ ಮುಚ್ಚಿಕೋ. ಈಗಲೇ ಮುಚ್ಚಿಕೋ. ಅವಳು ಒಂದಕ್ಕೇ ಕಣ್ಣು ಮುಚ್ಚಿದಳು, ಬೆಳಕು ಬರುವ ಮೊದಲೇ, ತಾನಾಗಿ, ಈಗ ಹೆದರುವುದಕ್ಕೆ ಏನೂ ಉಳಿದಿಲ್ಲ, ಎರಡು, ಮೂರು, ಒಲೆಯ ಮೇಲೆ ಮೊಟ್ಟೆ ಬೇಯಿಸಲು ಅಮ್ಮ ಮೂವತ್ತು ಸುತ್ತು ಎಣಿಸುತ್ತಿದ್ದಳು, ನಾಲ್ಕು, ಐದು, ಜ್ವರ ಬಂದ ರಾತ್ರಿ ಅಪ್ಪ ಮೇಲೆ ಅವಳು ಕೆಳಗೆ, ಕಿಟಕಿಯಲ್ಲಿ ಬೆಳಕು ಬಂದಾಗಲೆಲ್ಲ ಅಮ್ಮ ಅಂದಳು ಅಗೋ ಅಪ್ಪ ನೋಡಿದ್ರು, ಆರು, ಏಳು, ಅಗೋ ಮತ್ತೆ ನೋಡಿದ್ರು, ಎಂಟು, ಅಪ್ಪನೂ ಈಗ ಮೇಲೆ ಹೀಗೇ ಎಣಿಸುತ್ತಿದ್ದಾನೆ, ಒಂಬತ್ತು, ಒಂದೇ ಎಣಿಕೆ, ಒಂದೇ ಕತ್ತಲೆ — ಹತ್ತು, ಮಿಂಚಿತು, ಬೆರಳು ಮಿಂಚಿನ ಜೊತೆಗೇ ಇತ್ತು, ಕ್ಲಿಕ್, ಸಿಕ್ಕಿತು, ನೋಡದೆ ಗೊತ್ತು ಸಿಕ್ಕಿತು ಅಂತ, ರೋಲು ತಿರುಗಿಸಿ ಇನ್ನೊಮ್ಮೆ, ಕಣ್ಣು ಮುಚ್ಚಿಯೇ, ಮೊದಲಿನಿಂದ, ಹತ್ತು, ಕ್ಲಿಕ್, ಎರಡು ಸಿಕ್ಕಿತು, ಅತ್ತೆ ಸೊಸೆ ಒಂದೇ ಚೌಕಟ್ಟಿನಲ್ಲಿ, ಜಗಳವೇನೂ ಆದ ಹಾಗೆ ಕಾಣಲಿಲ್ಲ, ಕಂಡರೆ ಅಪ್ಪನಿಗೇ ಮೊದಲು ಕಾಣಲಿ, ಅವಳು ನೋಡಿಲ್ಲ.

ಕಣ್ಣು ತೆರೆದಳು, ಒಂದು, ಎರಡು, ಹತ್ತರವರೆಗೆ ಹೋಯಿತು ಎಣಿಕೆ, ಹತ್ತಾಯಿತು, ರೆಪ್ಪೆ ಮುಚ್ಚಿತು, ಒಳಗೆ ಏನೂ ಮಿಂಚಲಿಲ್ಲ. ಆರಿತು. ಮೂವತ್ತೊಂದು ವರ್ಷ ಅಪ್ಪನದು, ಹನ್ನೊಂದು ವರ್ಷ ಮಾಮನದು, ಅದಕ್ಕೂ ಹಿಂದೆ ಯಾರು ಯಾರದೋ, ಮುಗಿಯಿತು, ಅಷ್ಟೇ, ಸದ್ದೇ ಇಲ್ಲ, ಸೂರ್ಯ ತನ್ನ ಪಾಡಿಗೆ ತಾನು ನೀರಿನಿಂದ ಪೂರ್ತಿ ಬಿಡಿಸಿಕೊಂಡ, ಒಂದು ಹಕ್ಕಿ ಕೂಡ ಹೆಚ್ಚು ಕೂಗಲಿಲ್ಲ, ಮೇಲೆ ಗಾಜಿನ ಕೋಣೆಯಲ್ಲಿ ಪರದೆ ಓಡಿತು, ಮೊದಲು ಸಮುದ್ರದ ಕಡೆಯದು, ಬಿಸಿಲು ಅದಕ್ಕೆ ಹಿಂದಿನಿಂದ ಬಿದ್ದು ಬಟ್ಟೆ ಹಾಲಿನ ಹಾಗೆ ಹೊಳೆಯಿತು, ಆಮೇಲೆ ಎಡದ್ದು, ಆಮೇಲೆ ಬಲದ್ದು, ಕೊಂಡಿ ಸಿಕ್ಕಿಕೊಂಡು ನಿಂತು ಮತ್ತೆ ಓಡಿತು, ಇದು ಮಾಮನ ಎಳೆತ ಅಲ್ಲ, ಮಾಮ ಒಂದೇ ಉಸಿರಿಗೆ ಎಳೆಯುತ್ತಾನೆ, ಇದು ಕೊಂಡಿ ಎಣಿಸುವವನ ಎಳೆತ, ಇನ್ನು ಉಳಿದದ್ದು ಮನೆಯ ಕಡೆಯ ಒಂದು ಗೇಣು ಸಂದು, ಈಗ ಅದೂ ಮುಚ್ಚುತ್ತದೆ, ಮುಚ್ಚಲಿಲ್ಲ, ಚಿಕ್ಕಂದಿನಲ್ಲಿ ಅಂಗಳದಲ್ಲಿ ಬರಿಗಾಲಲ್ಲಿ, ಕೈಯಲ್ಲಿ ಬ್ರಷ್ಷು, ಬಾಯಲ್ಲಿ ನೊರೆ, ಕತ್ತು ನೋಯುವವರೆಗೆ ಮೇಲೆ ನೋಡುತ್ತ ನಿಲ್ಲುವುದು ಅವಳ ದಿನದ ಮೊದಲ ಕೆಲಸ, ಅಪ್ಪ ಕೊನೆಯ ಪರದೆ ಮುಚ್ಚುವ ಮೊದಲು ಸಂದಿನಲ್ಲಿ ಕೈ ತೋರಿಸಬೇಕು, ಐದೂ ಬೆರಳು ಬಿಡಿಸಿ, ಕೆಲಸ ಮುಗೀತು, ಇಳೀತಿದ್ದೀನಿ, ನೀರಿಡು ಅಂತ, ಅವಳು ಒಳಗೆ ಓಡಿ ಕೂಗಬೇಕು ಕೈ ಬಂತೂ, ಅಮ್ಮ ಒಲೆಯ ಮೇಲೆ ಚಹಾದ ನೀರಿಡಬೇಕು, ನೂರ ನಲವತ್ತೆರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಕುದಿಯಬೇಕು, ಅಮ್ಮ ಹೋಗಿ ಆರು ವರ್ಷ, ಅಂಗಳದ ಮನೆಗೆ ಬೀಗ, ಯಾರಿಗೆ ಹೇಳುವುದು, ಯಾರು ಇಡುವುದು, ಅವಳ ಕೈ ತಾನಾಗಿ ರೋಲು ತಿರುಗಿಸಿತು, ಮೂವತ್ತಾರು, ಕೊನೆಯದು, ಕಣ್ಣಿಟ್ಟಳು, ಹೊಳೆಯುವ ಬಟ್ಟೆಯ ನಡುವೆ ಸಂದು, ಸಂದಿನಲ್ಲಿ ಏನೋ ತಡಕಾಡಿತು, ಬಟ್ಟೆಯ ಅಂಚನ್ನು ಮುಟ್ಟಿ ನೋಡಿತು, ಎಡಕ್ಕೆ, ಬಲಕ್ಕೆ, ಜಾಗ ಸಿಕ್ಕಿತು, ಕಪ್ಪಗೆ, ಚಿಕ್ಕದಾಗಿ, ಇದೂ ಆ ಜೇಬಿನ ಚೌಕಟ್ಟಿಗೆ ಸರಿಯಾಗಿ ಹಿಡಿಸುವಷ್ಟು, ಅವನು ಯಾವತ್ತೂ ಹೊರಗಿಂದ ನೋಡದ್ದು, ಬ್ರಷ್ಷು, ನೊರೆ, ಕೈ ಬಂತೂ, ಕಣ್ಣು ತುಂಬಿತು ಆದರೆ ಮುಚ್ಚಲಿಲ್ಲ, ಈ ಒಂದು ಸಲ ಮುಚ್ಚಲಿಲ್ಲ, ಒಂದು ಬೆರಳು, ಎರಡು, ಮೂರು, ನಾಲ್ಕು, ಐದು, ಐದೂ ಬಿಡಿಸಿದ ಕೈ, ಸಂದಿನಲ್ಲಿ ಕೈ, ಕ್ಲಿಕ್.